ಚಳಿಗಾಲದ ಅನಂತರ ಕಾರಿನ ಮೈಲೇಜು

ಶಿವರಾತ್ರಿಗೆ ಚಳಿಯು ‘ಶಿವ ಶಿವ’ ಎನ್ನುತ್ತ ಓಡಿಹೋಗುವುದೆಂಬುದು ನಮ್ಮ ನಾಡಿನ ಮಾತು. ದೆಹಲಿಯಲ್ಲಿ ನೆಲೆಸಿರುವ ನಮ್ಮನ್ನು ಅದು ಹೋಳಿಯವರೆಗೂ ಬಿಡುವುದಿಲ್ಲ. ಜನವರಿಯ ಮುಂಜಾನೆಗಳಲ್ಲಿ ಉಷ್ಣತೆಯು 4–5 ಡಿಗ್ರಿಗೆ ಇಳಿಯುವ ಈ ಊರಿನಲ್ಲಿ ಕಾರುಳ್ಳವರಿಗೆಲ್ಲ ಪರಿಚಿತವಾದ ಸಂಗತಿಯೊಂದುಂಟು: ಕಚೇರಿ ಅದೇ, ರಸ್ತೆ ಅದೇ, ಪೆಟ್ರೋಲಿನ ಖರ್ಚು ಮಾತ್ರ ಹೆಚ್ಚು. ಚಳಿ ಕಳೆದೊಡನೆ ಅನೇಕರು ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಬೇಕಾದುದಕ್ಕೂ ಬೇಡವಾದುದಕ್ಕೂ ಹಣ ತೆರುತ್ತಾರೆ. ಅದಕ್ಕೆ ಮುನ್ನ ತಿಳಿಯಬೇಕಾದುದು ಇಷ್ಟೇ: ಹವೆಯು ಕಸಿದುಕೊಂಡುದನ್ನು ಹವೆಯೇ ಹಿಂದಿರುಗಿಸುತ್ತದೆ, ನಮ್ಮ ಅಲಕ್ಷ್ಯದಿಂದ ಹೋದುದನ್ನು ನಾವೇ ಸರಿಪಡಿಸಬೇಕು.

ನಷ್ಟಕ್ಕೆ ಕಾರಣ

ತಣ್ಣಗಾದ ಎಂಜಿನ್ನಿನಲ್ಲಿ ಆಯಿಲು ಮಂದವಾಗಿ, ಒಳಗಿನ ಘರ್ಷಣೆ ಹೆಚ್ಚುತ್ತದೆ. ಚಳಿಯಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದ ಕಾರಣ, ಎಂಜಿನ್ನು ಬಿಸಿಯಾಗುವವರೆಗೆ ಗಾಳಿಯೊಡನೆ ಅದನ್ನು ಹೆಚ್ಚಾಗಿ ಬೆರೆಸಬೇಕಾಗುತ್ತದೆ. ಹಿಂದಿನ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಗಾಡಿಗಳಲ್ಲಿ ಚಾಲಕನು ಚೋಕ್ ಎಳೆದು ಈ ಕೆಲಸವನ್ನು ಮಾಡುತ್ತಿದ್ದನು. ಇಂದಿನ ಗಾಡಿಗಳಲ್ಲಿ ಕಂಪ್ಯೂಟರು ತಾನಾಗಿಯೇ ಮಾಡುತ್ತದೆ. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ, ಸೊನ್ನೆಗಿಂತ 7 ಡಿಗ್ರಿ ಕೆಳಗಿನ ಚಳಿಯಲ್ಲಿ, ನಗರದೊಳಗಿನ ಸಂಚಾರದ ಮೈಲೇಜು 25 ಡಿಗ್ರಿಯಲ್ಲಿ ದೊರೆಯುವುದಕ್ಕಿಂತ ಸುಮಾರು ಶೇ. 15ರಷ್ಟು ಕಡಿಮೆ, ಐದಾರು ಕಿಲೋಮೀಟರಿನ ಕಿರುಪ್ರಯಾಣಗಳಲ್ಲಿ ಶೇ. 24ರವರೆಗೂ ಕಡಿಮೆಯಾಗಬಹುದು. ದೆಹಲಿಯ ಚಳಿ ಅಷ್ಟು ಉಗ್ರವಲ್ಲ. ಆದುದರಿಂದ ಇಲ್ಲಿ ಅಷ್ಟೇ ನಷ್ಟ ಕಂಡುಬಂದರೆ, ಚಳಿಯ ಜೊತೆಗೆ ಬೇರೊಂದು ದೋಷವೂ ಸೇರಿದೆಯೆಂದು ಸಂದೇಹಪಡುವುದು ಯುಕ್ತ.

ಮೊದಲು ಲೆಕ್ಕ

ಅಂದಾಜಿನ ಮೇಲೆ ತೀರ್ಮಾನಕ್ಕೆ ಬರುವುದು ಸಲ್ಲದು. ಒಂದೇ ಬಂಕಿನಲ್ಲಿ, ಪಂಪು ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ, ಮೀಟರಿನ ಅಂಕಿಯನ್ನು ಬರೆದಿಡಿರಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಕ್ರಮಿಸಿದ ಕಿಲೋಮೀಟರುಗಳನ್ನು ಆಗ ಹಿಡಿದ ಲೀಟರುಗಳಿಂದ ಭಾಗಿಸಿರಿ. ಮೂರು ಸಲದ ಸರಾಸರಿಯನ್ನು ನಂಬಬಹುದು. ಲೀಟರಿಗೆ 14 ಕಿ.ಮೀ. ಕೊಡುತ್ತಿದ್ದ ಗಾಡಿ 12ಕ್ಕೆ ಇಳಿದು ಅಲ್ಲಿಯೇ ನಿಂತಿತೆನ್ನೋಣ. ವರ್ಷಕ್ಕೆ 10,000 ಕಿ.ಮೀ. ಓಡುವವರಿಗೆ ಸುಮಾರು 119 ಲೀಟರು ಹೆಚ್ಚು ಬೇಕು. ಲೀಟರಿಗೆ 100 ರೂಪಾಯಿಯಂತೆ ಎಣಿಸಿದರೂ ಇದು 11,900 ರೂಪಾಯಿ. ಮಧ್ಯಮ ವರ್ಗದ ಸಂಸಾರಕ್ಕೆ ಇದು ಅಲ್ಪ ಮೊತ್ತವಲ್ಲ.

ಏನನ್ನು ಪರೀಕ್ಷಿಸಬೇಕು?

ಮಾರ್ಚಿ ಕಳೆದರೂ ಅಂಕಿ ಮೇಲೇರದಿದ್ದರೆ, ಮೊದಲು ಟೈರುಗಳನ್ನು ನೋಡಿರಿ. ಉಷ್ಣತೆ 10 ಡಿಗ್ರಿ ಇಳಿದಾಗ ಟೈರಿನ ಒತ್ತಡ ಒಂದೂವರೆಯಿಂದ ಎರಡು ಪೌಂಡು ಕುಗ್ಗುತ್ತದೆ. ಬಿಸಿಲು ಬಂದಾಗ ಅದು ಮರಳಿದರೂ, ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಸೋರಿಹೋದ ಗಾಳಿ ಮರಳುವುದಿಲ್ಲ. ಬೆಳಗ್ಗೆ ಗಾಡಿ ಓಡಿಸುವ ಮುನ್ನವೇ ಅಳೆದು, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ತುಂಬಿಸಿರಿ. ಇದರಿಂದ ಉಳಿಯುವ ಪೆಟ್ರೋಲು ಸ್ವಲ್ಪವೇ. ಆದರೆ ಗಾಳಿ ಕಡಿಮೆಯಾದ ಟೈರು ಬೇಸಗೆಯ ಹೆದ್ದಾರಿಯಲ್ಲಿ ಕಾದು ಸಿಡಿಯುವ ಅಪಾಯವುಂಟು.

ಎರಡನೆಯದು ಥರ್ಮೋಸ್ಟಾಟ್. ಇದು ತೆರೆದೇ ಸಿಕ್ಕಿಕೊಂಡರೆ ಎಂಜಿನ್ನು ಸಕಾಲದಲ್ಲಿ ಬಿಸಿಯಾಗದು. ಕಂಪ್ಯೂಟರು ಹೆಚ್ಚು ಪೆಟ್ರೋಲನ್ನು ಉಣಿಸುತ್ತಲೇ ಇರುತ್ತದೆ. ಅರ್ಧ ಗಂಟೆ ಓಡಿಸಿದರೂ ಉಷ್ಣತೆಯ ಮುಳ್ಳು ಕೆಳಗೇ ಇದ್ದರೆ ಇದೇ ಕಾರಣವಿರಬಹುದು. ಎಂಜಿನ್ನಿನ ಎಚ್ಚರಿಕೆಯ ದೀಪ ಉರಿಯುತ್ತಿದ್ದರಂತೂ ತಡಮಾಡಬಾರದು. ಆಕ್ಸಿಜನ್ ಸೆನ್ಸರ್ ಕೆಟ್ಟಂಥ ಗಂಭೀರ ದೋಷವನ್ನು ಸರಿಪಡಿಸಿದರೆ ಮೈಲೇಜು ಶೇ. 40ರವರೆಗೂ ಸುಧಾರಿಸಬಹುದೆಂದು ಅದೇ ಇಲಾಖೆ ಹೇಳುತ್ತದೆ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಅತಿಯಾಗಿ ಕಾದಿದ್ದರೆ ಬ್ರೇಕು ಹಿಡಿದುಕೊಂಡಿದೆಯೆಂದರ್ಥ.

ಆಯಿಲನ್ನು ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿರಿ. ಅದಕ್ಕಿಂತ ಮಂದವಾದುದರಿಂದ ಶೇ. 1–2ರಷ್ಟು ಮೈಲೇಜು ಹೋಗುತ್ತದೆ. ಏರ್ ಫಿಲ್ಟರು ದೆಹಲಿಯ ಧೂಳಿನಿಂದ ಬೇಗ ಕಟ್ಟಿಕೊಳ್ಳುವುದು ನಿಜ. ಆದರೆ ಇಂದಿನ ಪೆಟ್ರೋಲ್ ಗಾಡಿಗಳಲ್ಲಿ ಅದನ್ನು ಬದಲಿಸಿದರೆ ಎಂಜಿನ್ನಿಗೆ ಚುರುಕು ಬರುವುದೇ ಹೊರತು ಮೈಲೇಜು ಅಷ್ಟಾಗಿ ಹೆಚ್ಚದು.

ಬಿಡಬೇಕಾದ ಅಭ್ಯಾಸ

ಚಳಿಗಾಲದಲ್ಲಿ ಗಾಡಿಯನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿ ಬಿಸಿಮಾಡುವ ರೂಢಿ ಬೇಸಗೆಗೂ ಮುಂದುವರಿಯುವುದುಂಟು. ಇಂದಿನ ಗಾಡಿಗಳಿಗೆ ಅರ್ಧ ನಿಮಿಷ ಸಾಕು; ಅನಂತರ ನಿಧಾನವಾಗಿ ಸಾಗಿದರೆ ಎಂಜಿನ್ನು ಬೇಗ ಬಿಸಿಯಾಗುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಹೀಗೆ ಬಿಸಿಮಾಡುವುದಂತೂ ಪ್ರಾಣಾಪಾಯಕರ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿನೊಡನೆ ಸೇರಿ, ದೇಹಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಬಾಗಿಲು ತೆರೆದಿಟ್ಟರೂ ಸಾಲದು; ಗಾಡಿಯನ್ನು ಹೊರಗೆ ತಂದೇ ಬಿಡಬೇಕು.

ಕೊನೆಯದಾಗಿ, ತರಕಾರಿಗೆಂದು ಒಂದು ಕಿಲೋಮೀಟರು ದೂರಕ್ಕೆ ಕಾರು ತೆಗೆಯುವುದನ್ನು ಬಿಟ್ಟರೆ ಮೈಲೇಜಿಗೂ ಒಳಿತು, ಮೈಗೂ ಒಳಿತು. ತಣ್ಣನೆಯ ಎಂಜಿನ್ನು ಅತಿ ಹೆಚ್ಚು ಪೆಟ್ರೋಲು ಕುಡಿಯುವುದೂ ಅತಿ ಹೆಚ್ಚು ಹೊಗೆ ಕಾರುವುದೂ ಆ ಮೊದಲ ಕಿಲೋಮೀಟರಿನಲ್ಲೇ. ಯುಗಾದಿಯಿಂದ ಒಂದು ಸಣ್ಣ ಲೆಕ್ಕದ ಪುಸ್ತಕವನ್ನು ಕಾರಿನಲ್ಲೇ ಇಟ್ಟುಕೊಳ್ಳಿರಿ. ಮುಂದಿನ ಚಳಿಗಾಲದಲ್ಲಿ ಖರ್ಚು ಏರಿದಾಗ, ಅದು ಹವೆಯ ಪಾಲೋ ಅಲಕ್ಷ್ಯದ ಪಾಲೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.