ಕಾವೇರಿಯ ಆಚೆ-ಈಚೆಯ ಹಾಡು

ಕೊಳ್ಳೇಗಾಲದ ಕಡೆಯ ನೀಲಗಾರರ ಹಾಡನ್ನು ನಾನು ಬಹುಕಾಲ ಬರಿಯ ಭಕ್ತಿಗೀತವೆಂದೇ ಕೇಳಿದವನು. ಅದರೊಳಗಿನ ರಾಜಕೀಯ ನನಗೆ ಗೋಚರಿಸಿದ್ದು ಹಳೆಯ ಭೂಪಟವೊಂದನ್ನು ಮುಂದಿಟ್ಟುಕೊಂಡಾಗ.

1956ರ ನವೆಂಬರ್ 1ರವರೆಗೆ, ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರಿನದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ನೆಲ. ಮಂಟೇಸ್ವಾಮಿಯ ಗದ್ದುಗೆಯುಳ್ಳ ಬೊಪ್ಪೇಗೌಡನಪುರ ಕಾವೇರಿಯಾಚೆಯ ಮಳವಳ್ಳಿ ಸೀಮೆಯಲ್ಲಿ; ಶಿಷ್ಯ ಸಿದ್ಧಪ್ಪಾಜಿಯ ಚಿಕ್ಕಲ್ಲೂರು ಈಚೆಗೆ. ಅಂದರೆ ಗುರು ಮೈಸೂರಿನಲ್ಲಿ, ಶಿಷ್ಯ ಮದರಾಸಿನಲ್ಲಿ! ತಂಬೂರಿ, ಗಗ್ಗರ ಹಿಡಿದು ಹಾಡುವವರ ಕಥೆಗೆ ಮಾತ್ರ ಈ ಗಡಿಯ ಪರಿವೆಯೇ ಇಲ್ಲ.

ಅದು ಬಲ್ಲ ಗಡಿ ಬೇರೆ. ಕಥೆಯಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಅಸಹ್ಯವೆನಿಸುವ ಭಿಕ್ಷುಕನ ರೂಪದಲ್ಲಿ. ಸಮಾನತೆಯನ್ನು ಸಾರಿದ ಊರಿನ ಬಾಗಿಲಲ್ಲೇ ಅವನಿಗೆ ತಡೆ. ಕೊನೆಗೆ ಗುರುತಿಸುವವರು ಬಸವಣ್ಣನವರು. ಅವರಲ್ಲಿ ಗೌರವವಿಟ್ಟೇ ಅವರ ಸುತ್ತ ನೆರೆದವರನ್ನು ಹೀಗೆ ಒರೆಗೆ ಹಚ್ಚುವ ಎದೆಗಾರಿಕೆ ಶಿಷ್ಟ ಕಾವ್ಯಗಳಲ್ಲಿ ನನಗಂತೂ ಕಾಣಸಿಕ್ಕಿಲ್ಲ. ಮುಂದೆ, ಅನುಕೂಲಸ್ಥ ಪಾಂಚಾಳರ ಮನೆಯ ಕೆಂಪಾಚಾರಿ ಸಿದ್ಧಪ್ಪಾಜಿಯಾಗಿ, ಹಲಗೂರಿನ ಸ್ವಕುಲದವರಲ್ಲೇ ಗುರುವಿಗಾಗಿ ಕಬ್ಬಿಣದ ಭಿಕ್ಷೆ ಬೇಡಿ ಪಡಬಾರದ ಪಾಡು ಪಡುತ್ತಾನೆ.

ಬನದ ಹುಣ್ಣಿಮೆಗೆ ನಡೆಯುವ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯೆಂಬುದೊಂದುಂಟು. ಹಲವು ಜಾತಿಯ ಒಕ್ಕಲುಗಳು ಅಲ್ಲಿಯೇ ಅಡಿಗೆ ಮಾಡಿ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಮಾಂಸದೂಟವೂ ಅದರಲ್ಲಿ ಸೇರಿದೆ. ಕಲ್ಯಾಣದ ಬಾಗಿಲಿನ ಆ ಪ್ರಸಂಗವನ್ನು ಅಲ್ಲಿ, ಆ ಜನರ ನಡುವೆ ಕುಳಿತು ಕೇಳಬೇಕು.