ಶಾಸನಸಂಪುಟಗಳ ವಿನ್ಯಾಸವೂ ಸೂಪರ್ ಕಂಪ್ಯೂಟರಿನ ವಾಚನವೇಗವೂ

ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟವನ್ನು 1898ರಲ್ಲಿ ಪ್ರಕಟಿಸಿದಾಗ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳೆರಡರ ಶಾಸನಗಳೂ ಅದೊಂದರಲ್ಲಿಯೇ ಅಡಕವಾಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೋ ಗುಂಡ್ಲುಪೇಟೆಯವು ಮೂರನೆಯ ಸಂಪುಟಕ್ಕೂ (1974) ಚಾಮರಾಜನಗರದವು ನಾಲ್ಕನೆಯದಕ್ಕೂ (1975) ಸೇರಿದವು. ಹಳೆಯ ಸಂಪುಟವೊಂದೇ ಇರುವ ಗ್ರಂಥಾಲಯದಲ್ಲಿ ಗುಂಡ್ಲುಪೇಟೆಯನ್ನು ಓದುವವನು ಏಳುವ ತನಕ ಚಾಮರಾಜನಗರವನ್ನು ಓದುವವನು ಕಾದಿರಬೇಕು. ಹೊಸ ಆವೃತ್ತಿಯಲ್ಲಿ ಇಬ್ಬರೂ ಏಕಕಾಲಕ್ಕೆ ಓದಬಹುದು. ಆದರೆ ಉಮ್ಮತ್ತೂರಿನ ಪಾಳೆಯಗಾರರನ್ನು ಕುರಿತು ಅಭ್ಯಾಸಮಾಡುವವನ ಗತಿ ಬೇರೆ. ಉಮ್ಮತ್ತೂರು ಒಂದು ಸಂಪುಟದಲ್ಲಿ, ತೆರಕಣಾಂಬಿ ಇನ್ನೊಂದರಲ್ಲಿ. ಅವನು ಎರಡನ್ನೂ ಹರಡಿಕೊಂಡೇ ಕೂರಬೇಕು.

ಸೂಪರ್ ಕಂಪ್ಯೂಟರುಗಳ ದತ್ತಾಂಶಸಂಗ್ರಹದ ಮುಖ್ಯ ಸಮಸ್ಯೆಯೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ‘ಪರಮ್ ಪ್ರವೇಗ’ದ ಗಣನಶಕ್ತಿ 3.3 ಪೆಟಾಫ್ಲಾಪ್, ಎಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಮಿಕ್ಕ ಲೆಕ್ಕ. ಇಂಥ ಯಂತ್ರದಲ್ಲಿ ಲೆಕ್ಕಕ್ಕೆ ಬೇಕಾದ ಅಂಕಿಗಳು ಸಂಗ್ರಹದಿಂದ ಬರುವುದು ತಡವಾದರೆ, ಸಾವಿರಾರು ಸಂಸ್ಕಾರಕಗಳು ಸುಮ್ಮನೆ ಕಾಯುತ್ತವೆ.

ಅನೇಕ ಸೂಪರ್ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವ ಲಸ್ಟರ್ ಎಂಬ ಕಡತವ್ಯವಸ್ಥೆಯಲ್ಲಿ ದೊಡ್ಡ ಕಡತವೊಂದನ್ನು ಪಟ್ಟಿಪಟ್ಟಿಯಾಗಿ ಸೀಳಿ, ಹಲವು ಸಂಗ್ರಹಘಟಕಗಳಲ್ಲಿ ಹಂಚಿಡಬಹುದು. ಆಗ ಎಲ್ಲ ಘಟಕಗಳೂ ಜೊತೆಯಾಗಿ ತಮ್ಮ ತಮ್ಮ ಪಾಲನ್ನು ಒದಗಿಸುತ್ತವೆ. ಬಳಕೆದಾರನು ಬೇರೆ ಹೇಳದಿದ್ದರೆ ಸಾಮಾನ್ಯವಾಗಿ ಕಡತವು ಒಂದೇ ಘಟಕದಲ್ಲಿ ಕೂರುತ್ತದೆ. ಇದು 1898ರ ಸಂಪುಟದ ಸ್ಥಿತಿ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಹಂಚಿಕೆ ಕಡತವನ್ನು ಬರೆಯುವಾಗಲೇ ನಿಶ್ಚಯವಾಗುತ್ತದೆ. ಆಮೇಲೆ ಬದಲಿಸಬೇಕಾದರೆ ಅದನ್ನು ಮತ್ತೆ ಪ್ರತಿಮಾಡಬೇಕು. ಓದುವವನ ವೇಗ ಬರೆದಿಟ್ಟವನ ಕೈಯಲ್ಲಿದೆ!

ಸಣ್ಣ ಕಡತಗಳಿಗೆ ಈ ಉಪಾಯ ಫಲಿಸದು. ಪ್ರತಿಯೊಂದು ಕಡತದ ಹೆಸರನ್ನೂ ನೆಲೆಯನ್ನೂ ತಿಳಿಸುವ ಸೂಚಿಯಂತ್ರ ಪ್ರತ್ಯೇಕವಾಗಿದ್ದು, ಲಕ್ಷಾಂತರ ಪುಟ್ಟ ಕಡತಗಳನ್ನು ಬೇಡಿದಾಗ ಓದುವುದಕ್ಕಿಂತ ಅದನ್ನು ವಿಚಾರಿಸುವುದರಲ್ಲೇ ಕಾಲ ಕಳೆಯುತ್ತದೆ. ಬಿಡಿ ಹಾಳೆಗಳನ್ನು ಒಂದೊಂದಾಗಿ ಗ್ರಂಥಪಾಲಕರಲ್ಲಿ ಬೇಡಿದಂತೆ. ಅವನ್ನು ದೊಡ್ಡ ಕಡತಗಳಾಗಿ ಕಟ್ಟಿ, ಒಳಗೊಂದು ಅನುಕ್ರಮಣಿಕೆ ಇಡುವುದೇ ಪರಿಹಾರ. ರೈಸರೂ ಇದನ್ನು ಕಂಡಿದ್ದರು ಎನ್ನಬಹುದು: ತಾಲ್ಲೂಕುವಾರು ಶಾಸನಗಳಿಗೆ ಕಾಲಾನುಕ್ರಮದ ಪಟ್ಟಿಯೊಂದನ್ನು ಅವರು ಜೋಡಿಸಿದರು. ಹೊಯ್ಸಳ ದೊರೆಯೊಬ್ಬನ ಶಾಸನಗಳನ್ನು ಅರಸುವವನು ಸಂಪುಟವನ್ನೆಲ್ಲ ತಿರುವಬೇಕಾಗಿಲ್ಲ. ಮತ್ತೊಂದು ಉಪಾಯ, ಪ್ರತಿ ಸಂಸ್ಕಾರಕವೂ ಚೂರುಚೂರಾಗಿ ಬೇಡದೆ, ಕೆಲವು ಮಾತ್ರ ದೊಡ್ಡ ಭಾಗಗಳನ್ನು ಒಟ್ಟಿಗೆ ಓದಿ ಉಳಿದವಕ್ಕೆ ಹಂಚುವುದು.

ನಮ್ಮ ಎರಡು ತಾಲ್ಲೂಕುಗಳ ಶಾಸನಚಿತ್ರಗಳಿಂದ ಒಂದೊಂದು ಅಕ್ಷರವನ್ನೂ ಬೇರ್ಪಡಿಸಿ, ಯಂತ್ರಕ್ಕೆ ಹಳೆಯ ಲಿಪಿಯನ್ನು ಕಲಿಸುವ ಕಾರ್ಯಕ್ಕೆ ಯಾರಾದರೂ ತೊಡಗಿದರೆ, ಅಕ್ಷರಕ್ಕೊಂದು ಕಡತ ಮಾಡುವ ಮೋಹವನ್ನು ಬಿಡಬೇಕು. ಒಂದು ಶಾಸನದ ಅಕ್ಷರಗಳು ಒಟ್ಟಿಗಿರಲಿ. ಅನುಕ್ರಮಣಿಕೆಯಲ್ಲಿ ರೈಸರ ಸಂಖ್ಯೆ, ಪರಿಷ್ಕೃತ ಆವೃತ್ತಿಯ ಸಂಖ್ಯೆ ಎರಡೂ ಇರಲಿ. ಹಳೆಯ ಪ್ರಬಂಧಗಳು ಇಂದಿಗೂ ಮೊದಲನೆಯದನ್ನೇ ಉಲ್ಲೇಖಿಸುತ್ತವೆ.