ವಾಲಿದ ಹಾದಿ, ಬಾಗದ ಗೋಡೆ

ವೃತ್ತೀಯ ಚಲನೆಯ ಪಾಠದಲ್ಲಿ ವಾಲಿಸಿದ ರಸ್ತೆಯ ಲೆಕ್ಕ ತಪ್ಪದೆ ಬರುತ್ತದೆ. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಒಳ ಅಂಚಿಗಿಂತ ಎತ್ತರಿಸಿದರೆ ವಾಹನ ಜಾರದೆ ತಿರುಗುತ್ತದೆ ಎಂದು ಶಿಕ್ಷಕರು ಹೇಳುತ್ತಾರೆ, ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ. ಆದರೆ ನಮ್ಮ ಹೆದ್ದಾರಿಗಳಲ್ಲಾಗಲಿ ರೈಲು ಹಳಿಗಳಲ್ಲಾಗಲಿ ಈ ವಾಲುವಿಕೆ ಕೆಲವೇ ಡಿಗ್ರಿಗಳಷ್ಟು. ಬರಿಗಣ್ಣಿಗೆ ಅದು ಎದ್ದು ಕಾಣುವುದೂ ಇಲ್ಲ. ಇದೇ ತತ್ತ್ವವನ್ನು 31 ಡಿಗ್ರಿಯವರೆಗೆ ಒಯ್ದರೆ ಏನಾದೀತು? ಮಲೆನಾಡಿನ ಹೆಂಚಿನ ಮನೆಯ ಮಾಡು ಎಷ್ಟು ಇಳಿಜಾರಾಗಿರುತ್ತದೆ ಎಂಬುದನ್ನು ನೆನೆಸಿಕೊಳ್ಳಿ. ಹೆಚ್ಚು ಕಡಿಮೆ ಅಷ್ಟೇ ಇಳಿಜಾರಿನ ಡಾಂಬರು ಹಾದಿಯ ಮೇಲೆ ಗಂಟೆಗೆ 300 ಕಿ.ಮೀ. ವೇಗದಲ್ಲಿ ನಲವತ್ತು ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡುವುದನ್ನು ಕಲ್ಪಿಸಿಕೊಳ್ಳಿ. ಅಮೆರಿಕದ ಫ್ಲಾರಿಡಾ ರಾಜ್ಯದ ಡೇಟೋನಾದಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ 'ಡೇಟೋನಾ 500' ಓಟದಲ್ಲಿ ಕಾಣುವುದು ಇದನ್ನೇ.

ಈ ಓಟಗಳನ್ನು ನಡೆಸುವ ಸಂಸ್ಥೆ ನ್ಯಾಸ್ಕಾರ್. 1948ರಲ್ಲಿ ಇದನ್ನು ಕಟ್ಟಿದವರಲ್ಲಿ ಬಿಲ್ ಫ್ರಾನ್ಸ್ ಪ್ರಮುಖರು. ಮೊದಮೊದಲು ಡೇಟೋನಾದ ಓಟ ಸಮುದ್ರ ದಂಡೆಯ ಮರಳಿನ ಮೇಲೆಯೇ ನಡೆಯುತ್ತಿತ್ತು. ಫ್ರಾನ್ಸ್ ಕಟ್ಟಿಸಿದ ಹೊಸ ಓಟದ ಹಾದಿ 1959ರಲ್ಲಿ ಸಿದ್ಧವಾಯಿತು. ಆ ವರ್ಷದ ಮೊದಲ ಓಟದಲ್ಲಿ ಗೆದ್ದವರು ಯಾರೆಂದು ತೀರ್ಮಾನಿಸಲು, ಛಾಯಾಚಿತ್ರಗಳನ್ನೂ ಚಲನಚಿತ್ರವನ್ನೂ ಪರಿಶೀಲಿಸಿ, ಸುಮಾರು ಮೂರು ದಿನ ಬೇಕಾಯಿತು! ಹಾದಿಯ ಒಂದು ಸುತ್ತು 2.5 ಮೈಲಿ, ಅಂದರೆ ಸುಮಾರು 4 ಕಿ.ಮೀ. ಇಂಥ 200 ಸುತ್ತುಗಳು ಸೇರಿ 500 ಮೈಲಿ. ಎಲ್ಲ ಕಾರುಗಳೂ ಅಪ್ರದಕ್ಷಿಣವಾಗಿ ಓಡುತ್ತವೆ. ಅಂದರೆ ಓಟದುದ್ದಕ್ಕೂ ತಿರುವು ಎಡಕ್ಕೆ ಮಾತ್ರ.

'ಸ್ಟಾಕ್ ಕಾರ್' ಎಂದರೆ ಅಂಗಡಿಯಲ್ಲಿ ಮಾರಾಟಕ್ಕಿರುವಂಥ ಮಾಮೂಲಿ ಕಾರು. ಆರಂಭದ ವರ್ಷಗಳಲ್ಲಿ ಹಾಗೆಯೇ ಇತ್ತು. ಈಗ ಹೆಸರು ಮಾತ್ರ ಉಳಿದಿದೆ. ಹೊರಗಿನ ಆಕಾರ ಪೇಟೆಯ ಕಾರನ್ನು ಹೋಲುತ್ತದೆಯಾದರೂ ಒಳಗಿರುವುದು ಉಕ್ಕಿನ ಕೊಳವೆಗಳಿಂದ ಹೆಣೆದ ಪಂಜರ. ತೆರೆಯುವ ಬಾಗಿಲೇ ಇಲ್ಲ. ಚಾಲಕ ಕಿಟಕಿಯ ಮೂಲಕ ಒಳಕ್ಕೆ ನುಸುಳಬೇಕು.

ವಾಲುವಿಕೆ ಕೊಡುವ ಉಡುಗೊರೆ

ಈಗ ಸ್ವಲ್ಪ ಲೆಕ್ಕ ಮಾಡೋಣ. ಡೇಟೋನಾದ ತಿರುವಿನ ತ್ರಿಜ್ಯ ಸುಮಾರು 305 ಮೀಟರ್. ಗಂಟೆಗೆ 300 ಕಿ.ಮೀ. ಎಂದರೆ ಸೆಕೆಂಡಿಗೆ 83.3 ಮೀಟರ್. ತಿರುವಿನಲ್ಲಿ ಜವ ಬದಲಾಗದಿದ್ದರೂ ದಿಕ್ಕು ಬದಲಾಗುತ್ತಿರುವುದರಿಂದ ವೇಗ ಬದಲಾಗುತ್ತಲೇ ಇರುತ್ತದೆ. ಹೀಗಾಗಿ ಕಾರಿಗೆ ಕೇಂದ್ರದ ಕಡೆಗೆ ವೇಗೋತ್ಕರ್ಷ ಇದೆ. ಅದರ ಬೆಲೆ ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು: ಸುಮಾರು 22.8 ಮೀ/ಸೆ². ಗುರುತ್ವ ವೇಗೋತ್ಕರ್ಷದ 2.3 ಪಟ್ಟು.

ಹಾದಿ ಸಮತಟ್ಟಾಗಿದ್ದರೆ ಈ ಬಲವನ್ನೆಲ್ಲ ಟೈರುಗಳ ಘರ್ಷಣೆಯೇ ಒದಗಿಸಬೇಕು. ಆಗ ಘರ್ಷಣ ಗುಣಾಂಕ 2.3ರಷ್ಟು ಇರಬೇಕಾಗುತ್ತದೆ. ಮಾಮೂಲಿ ಟೈರಿಗೂ ಒಣ ರಸ್ತೆಗೂ ನಡುವೆ ಇದು ಒಂದನ್ನು ಮುಟ್ಟುವುದೂ ಕಷ್ಟ. ಆದರೆ 31 ಡಿಗ್ರಿ ವಾಲಿದ ಹಾದಿಯಲ್ಲಿ ಎರಡು ಅನುಕೂಲಗಳಿವೆ. ಹಾದಿ ಕಾರನ್ನು ಒತ್ತುವ ಲಂಬ ಪ್ರತಿಕ್ರಿಯೆಯ ಒಂದು ಘಟಕ ಕೇಂದ್ರದ ಕಡೆಗೇ ತಿರುಗಿರುತ್ತದೆ. ಜೊತೆಗೆ ಕಾರು ಹಾದಿಗೆ ಒತ್ತಿಕೊಳ್ಳುವ ಬಲವೂ ಅದರ ತೂಕದ ಎರಡರಷ್ಟಕ್ಕೆ ಏರುತ್ತದೆ. ಬಲಗಳನ್ನು ಹಾದಿಗೆ ಸಮಾಂತರವಾಗಿಯೂ ಲಂಬವಾಗಿಯೂ ಬಿಡಿಸಿ ಲೆಕ್ಕ ಹಾಕಿ ನೋಡಿ. ಬೇಕಾದ ಘರ್ಷಣ ಗುಣಾಂಕ 0.72ಕ್ಕೆ ಇಳಿದಿರುತ್ತದೆ. ಇದೇ 0.72 ಗುಣಾಂಕವಿರುವ ಟೈರಿನೊಂದಿಗೆ, ಇದೇ ತ್ರಿಜ್ಯದ ಸಮತಟ್ಟಾದ ತಿರುವಿನಲ್ಲಿ ಓಡಬಹುದಾದ ಗರಿಷ್ಠ ಜವ ಗಂಟೆಗೆ ಸುಮಾರು 167 ಕಿ.ಮೀ. ಮಾತ್ರ. ಉಳಿದದ್ದು ವಾಲುವಿಕೆಯ ಉಡುಗೊರೆ. (ಗಾಳಿ ಕಾರನ್ನು ಕೆಳಕ್ಕೆ ಒತ್ತುವ ಬಲವನ್ನು ಇಲ್ಲಿ ಗಣಿಸಿಲ್ಲ. ಅದನ್ನೂ ಸೇರಿಸಿದರೆ ಚಿತ್ರ ಇನ್ನಷ್ಟು ಅನುಕೂಲವಾಗುತ್ತದೆ.)

ಘರ್ಷಣೆಯೇ ಬೇಡವಾದ ಜವವೂ ಒಂದಿದೆ. ಡೇಟೋನಾದ ತಿರುವಿಗೆ ಅದು ಗಂಟೆಗೆ ಸುಮಾರು 153 ಕಿ.ಮೀ. ಅದಕ್ಕಿಂತ ನಿಧಾನವಾದರೆ ಕಾರಿನ ಪ್ರವೃತ್ತಿ ಕೆಳಕ್ಕೆ ಜಾರುವುದು; ಹೆಚ್ಚಾದರೆ ಮೇಲಕ್ಕೆ. ಇದನ್ನು ತರಗತಿಯಲ್ಲಿ ತೋರಿಸಲು ಒಂದು ಬೋಗುಣಿ ಮತ್ತು ಗೋಲಿ ಸಾಕು. ಬೋಗುಣಿಯನ್ನು ಹಿಡಿದು ಗೋಲಿ ಒಳಬದಿಯಲ್ಲಿ ಸುತ್ತುವಂತೆ ಆಡಿಸಿ. ಜವ ಹೆಚ್ಚಿದಂತೆ ಗೋಲಿ ಹೆಚ್ಚು ಕಡಿದಾದ ಜಾಗಕ್ಕೆ ತಾನಾಗಿ ಏರುತ್ತದೆ. ಜಾತ್ರೆಗಳಲ್ಲಿ ಮರದ ಹಲಗೆಯ ಬಾವಿಯೊಳಗೆ ಗೋಡೆಯ ಮೇಲೆ ಮೋಟಾರ್ ಸೈಕಲ್ ಓಡಿಸುವುದನ್ನು ನೋಡಿದ ವಿದ್ಯಾರ್ಥಿಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಗಾಳಿಯ ಮರೆ

ಇಷ್ಟು ಜವದಲ್ಲಿ ಕಾರಿನ ಮುಖ್ಯ ಎದುರಾಳಿ ಗಾಳಿ. ಗಾಳಿಯ ರೋಧ ಜವದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅದನ್ನು ಮೀರಿ ಓಡಲು ಬೇಕಾದ ಸಾಮರ್ಥ್ಯವೋ ಜವದ ಘನಕ್ಕೆ ಅನುಪಾತದಲ್ಲಿರುತ್ತದೆ. ಜವವನ್ನು ಇಮ್ಮಡಿಸಲು ಎಂಜಿನ್ನಿನ ಸಾಮರ್ಥ್ಯ ಎಂಟು ಪಟ್ಟಾಗಬೇಕು.

1960ರ ಓಟಕ್ಕೆ ಬಂದಿದ್ದ ಜೂನಿಯರ್ ಜಾನ್ಸನ್ ಎಂಬ ಚಾಲಕರ ಷೆವ್ರೊಲೆ ಕಾರು ಇತರರ ಪಾಂಟಿಯಾಕ್ ಕಾರುಗಳಿಗಿಂತ ನಿಧಾನದ್ದು. ಅಭ್ಯಾಸದ ವೇಳೆ ಅವರು ಒಂದು ವಿಚಿತ್ರವನ್ನು ಗಮನಿಸಿದರು. ಒಂದು ಪಾಂಟಿಯಾಕ್‌ನ ಬೆನ್ನಿಗೇ ಅಂಟಿಕೊಂಡಂತೆ ಓಡಿಸಿದರೆ ತಮ್ಮ ಕಾರೂ ಅದರಷ್ಟೇ ವೇಗವಾಗಿ ಓಡುತ್ತದೆ! ಈ ಉಪಾಯದಿಂದಲೇ ಅವರು ಆ ವರ್ಷ ಗೆದ್ದರು.

ಕಾರಣ ಸರಳ. ಮುಂದಿನ ಕಾರು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಹಿಂದೆ ಒತ್ತಡ ಕಡಿಮೆಯಿರುವ, ಸುಳಿಗಳಿಂದ ತುಂಬಿದ ಪ್ರದೇಶ ಉಂಟಾಗುತ್ತದೆ. ಅಲ್ಲಿಗೆ ನುಗ್ಗಿದ ಕಾರಿಗೆ ಗಾಳಿಯ ರೋಧ ಕಡಿಮೆ. ಇದರಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಊಹಿಸದ ಅಂಶ ಒಂದಿದೆ: ಮುಂದಿನ ಕಾರಿಗೂ ಲಾಭವಾಗುತ್ತದೆ. ಅದರ ಬೆನ್ನ ಹಿಂದಿನ ಕಡಿಮೆ ಒತ್ತಡವೇ ಅದನ್ನು ಹಿಂದಕ್ಕೆ ಸೆಳೆಯುವ ಬಲದ ದೊಡ್ಡ ಪಾಲು. ಹಿಂದಿನ ಕಾರು ಹತ್ತಿರ ಬಂದಾಗ ಆ ಸೆಳೆತ ತಗ್ಗುತ್ತದೆ. ಆದ್ದರಿಂದ ಜೋಡಿಯಾಗಿ ಓಡುವ ಎರಡು ಕಾರುಗಳು ಒಂಟಿ ಕಾರಿಗಿಂತ ವೇಗವಾಗಿರುತ್ತವೆ. (ಲಾರಿಯ ಹಿಂದೆ ಸೈಕಲ್ ಓಡಿಸುವ ಹುಡುಗರಿಗೆ ಈ ಸಂಗತಿ ಮೊದಲೇ ಗೊತ್ತು. ಲಾರಿ ಹಠಾತ್ತನೆ ನಿಂತರೆ ಏನಾಗುತ್ತದೆ ಎಂಬುದನ್ನು ಶಿಕ್ಷಕರು ಅವರಿಗೆ ಇದೇ ಪಾಠದಲ್ಲಿ ಹೇಳಿಬಿಡುವುದು ಒಳ್ಳೆಯದು.)

1987ರಲ್ಲಿ ಅಲಬಾಮಾ ರಾಜ್ಯದ ಟಾಲಡೀಗಾ ಹಾದಿಯಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿ.ಮೀ. ಸರಾಸರಿಯಲ್ಲಿ ಅರ್ಹತಾ ಸುತ್ತನ್ನು ಮುಗಿಸಿದರು. ಅಲ್ಲಿಯ ವಾಲುವಿಕೆ ಡೇಟೋನಾಕ್ಕಿಂತಲೂ ಹೆಚ್ಚು, 33 ಡಿಗ್ರಿ. ಅದೇ ಓಟದಲ್ಲಿ ಬಾಬಿ ಆಲಿಸನ್ ಅವರ ಕಾರಿನ ಟೈರು ಸಿಡಿಯಿತು. ಕಾರು ಹಿಂದುಮುಂದಾಗಿ, ಮೇಲಕ್ಕೆದ್ದು, ಪ್ರೇಕ್ಷಕರ ಮುಂದಿನ ತಂತಿಬೇಲಿಯನ್ನು ಹರಿಯಿತು. ಪ್ರೇಕ್ಷಕರಲ್ಲಿ ಕೆಲವರಿಗೆ ಗಾಯಗಳಾದವು. ಕಾರು ಬೇಲಿಯನ್ನು ದಾಟಿ ಜನರ ಮೇಲೆ ಬಿದ್ದಿದ್ದರೆ? ಮುಂದಿನ ವರ್ಷದಿಂದ ಡೇಟೋನಾ ಮತ್ತು ಟಾಲಡೀಗಾಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ತಟ್ಟೆಯನ್ನು ಕಡ್ಡಾಯ ಮಾಡಿದರು. ನಾಲ್ಕು ರಂಧ್ರಗಳಿರುವ ತೆಳುವಾದ ಲೋಹದ ತಟ್ಟೆ ಅದು. ಗಾಳಿ ಕಡಿಮೆಯಾದರೆ ಉರಿಯುವ ಇಂಧನವೂ ಕಡಿಮೆ, ಸಾಮರ್ಥ್ಯವೂ ಕಡಿಮೆ. 2019ರ ಡೇಟೋನಾ 500ರ ತನಕ ಈ ತಟ್ಟೆ ಬಳಕೆಯಲ್ಲಿತ್ತು. ಆಮೇಲೆ ಅದೇ ಕೆಲಸಕ್ಕೆ ಬೇರೆ ಬಗೆಯ ಭಾಗ ಬಂದಿದೆ.

ಘನದ ನಿಯಮ ಇಲ್ಲಿ ಹಿಮ್ಮುಖವಾಗಿ ಕೆಲಸ ಮಾಡುವುದನ್ನು ಗಮನಿಸಿ. ಸಾಮರ್ಥ್ಯವನ್ನು ಅರ್ಧಕ್ಕೆ ಇಳಿಸಿದರೂ ಜವ ಐದನೆಯ ಒಂದು ಭಾಗದಷ್ಟು ಮಾತ್ರ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲ ಕಾರುಗಳ ಜವವೂ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತು. ಯಾರೊಬ್ಬರೂ ಗುಂಪನ್ನು ಬಿಟ್ಟು ಮುಂದೆ ಹೋಗಲಾರರು; ಗಾಳಿಯ ಮರೆ ತಪ್ಪಿದರೆ ಹಿಂದೆ ಬೀಳುತ್ತಾರೆ. ಮೂವತ್ತು ನಲವತ್ತು ಕಾರುಗಳು ಅಕ್ಕಪಕ್ಕ, ಹಿಂದೆಮುಂದೆ ಗುಂಪುಗೂಡಿ ಓಡುತ್ತವೆ. ಒಬ್ಬರು ಕೈತಪ್ಪಿದರೆ ಹತ್ತು ಹದಿನೈದು ಕಾರುಗಳು ಒಟ್ಟಿಗೆ ಅಪ್ಪಳಿಸುತ್ತವೆ. ಸುರಕ್ಷತೆಗಾಗಿ ಹಾಕಿದ ತಟ್ಟೆ ಒಂದು ಬಗೆಯ ಅಪಾಯವನ್ನು ತಗ್ಗಿಸಿ ಇನ್ನೊಂದು ಬಗೆಯದನ್ನು ಹುಟ್ಟಿಸಿತು ಎನ್ನದೆ ವಿಧಿಯಿಲ್ಲ. ಹಿಂದುಮುಂದಾದ ಕಾರು ವಿಮಾನದ ರೆಕ್ಕೆಯಂತೆ ಮೇಲೇಳುವುದನ್ನು ತಡೆಯಲು 1994ರಿಂದ ಛಾವಣಿಗೆ ಮುಚ್ಚಳಗಳನ್ನು ಅಳವಡಿಸಿದರು. ಗಾಳಿ ಹಿಂದಿನಿಂದ ಬೀಸಿದೊಡನೆ ಅವು ತಾವಾಗಿ ಎದ್ದು ನಿಂತು ಮೇಲೆತ್ತುವ ಬಲವನ್ನು ಕೆಡಿಸುತ್ತವೆ.

ಗೋಡೆ

ವಾಲುವಿಕೆ, ಗಾಳಿಯ ಮರೆ ಎರಡೂ ಸೇರಿ ಕಾರಿಗೆ ಕೊಟ್ಟ ಚಲನ ಶಕ್ತಿ ಎಷ್ಟೆಂದು ನೋಡಿ. ಗಂಟೆಗೆ 250 ಕಿ.ಮೀ. ಜವದ ಕಾರಿನಲ್ಲಿರುವ ಚಲನ ಶಕ್ತಿ, ಅದೇ ಕಾರನ್ನು ಜೋಗ ಜಲಪಾತದ ನೆತ್ತಿಯಿಂದ ಉರುಳಿಸಿದರೆ ತಳ ಮುಟ್ಟುವಾಗ ಇರುವಷ್ಟೇ (ಗಾಳಿಯ ರೋಧವನ್ನು ಬಿಟ್ಟರೆ). ಓಟ ಮುಗಿದಾಗ ಇದು ಬ್ರೇಕಿನಲ್ಲಿ ನಿಧಾನವಾಗಿ ಶಾಖವಾಗುತ್ತದೆ. ಅಪಘಾತದಲ್ಲಿ ಅಷ್ಟು ಕಾಲಾವಕಾಶ ಇರುವುದಿಲ್ಲ.

2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಡೇಲ್ ಅರ್ನ್‌ಹಾರ್ಟ್ ಅವರ ಕಾರು ಹೊರಗಿನ ಕಾಂಕ್ರೀಟ್ ಗೋಡೆಗೆ ಬಡಿಯಿತು. ಏಳು ಬಾರಿ ಸರಣಿ ಗೆದ್ದ ಚಾಲಕ ಅವರು. ನೋಡಿದವರಿಗೆ ಅದು ಅಂಥ ಭೀಕರ ಅಪಘಾತವೆನಿಸಲಿಲ್ಲ. ಕಾರು ಪಲ್ಟಿಯಾಗಲಿಲ್ಲ, ಚೂರಾಗಲಿಲ್ಲ. ಆದರೆ ಅರ್ನ್‌ಹಾರ್ಟ್ ತಲೆಬುರುಡೆಯ ತಳ ಮುರಿದು ತೀರಿಕೊಂಡರು. ಅದಕ್ಕೆ ಮೊದಲು, 2000ದಲ್ಲಿ, ಆಡಂ ಪೆಟಿ, ಕೆನಿ ಅರ್ವಿನ್, ಟೋನಿ ರೋಪರ್ ಎಂಬ ಮೂವರು ಯುವ ಚಾಲಕರು ನ್ಯಾಸ್ಕಾರ್ ಹಾದಿಗಳಲ್ಲಿ ಗೋಡೆಗೆ ಬಡಿದು ಸತ್ತಿದ್ದರು.

ಪಲ್ಟಿ ಹೊಡೆಯುವ ಕಾರಿನಿಂದ ಚಾಲಕ ಎದ್ದು ಬರುತ್ತಾನೆ, ಸುಮ್ಮನೆ ಗೋಡೆಗೆ ತಗಲಿದ ಕಾರಿನಲ್ಲಿ ಸಾಯುತ್ತಾನೆ, ಇದು ಹೇಗೆ? ಪಲ್ಟಿಯಲ್ಲಿ ಶಕ್ತಿ ಹತ್ತಾರು ಹೊಡೆತಗಳಲ್ಲಿ, ಹಲವು ಸೆಕೆಂಡುಗಳಲ್ಲಿ ಹಂಚಿಹೋಗುತ್ತದೆ. ಗೋಡೆಯ ಹೊಡೆತ ಸೆಕೆಂಡಿನ ಸಣ್ಣ ಅಂಶದಲ್ಲಿ ಮುಗಿಯುತ್ತದೆ. ಗಂಟೆಗೆ 250 ಕಿ.ಮೀ. ಜವದ ಕಾರೊಂದು 14 ಡಿಗ್ರಿ ಕೋನದಲ್ಲಿ ಗೋಡೆಗೆ ಬಡಿಯಿತೆನ್ನಿ. ಗೋಡೆಗೆ ಲಂಬವಾದ ವೇಗದ ಘಟಕ ಗಂಟೆಗೆ 60 ಕಿ.ಮೀ., ಅಂದರೆ ಸೆಕೆಂಡಿಗೆ 16.8 ಮೀಟರ್. ಕಾಂಕ್ರೀಟ್ ಕದಲುವುದಿಲ್ಲ. ಕಾರಿನ ಮೈ ಅರ್ಧ ಮೀಟರಿನಷ್ಟು ನುಗ್ಗಿ ಈ ಘಟಕವನ್ನು ಸೊನ್ನೆಗೆ ತಂದರೆ, ಸರಾಸರಿ ವೇಗೋತ್ಕರ್ಷ ಗುರುತ್ವದ ಸುಮಾರು 29 ಪಟ್ಟು. ಚಾಲಕನ ಮುಂಡವನ್ನು ಪಟ್ಟಿಗಳು ಆಸನಕ್ಕೆ ಬಿಗಿದಿವೆ. ತಲೆಯನ್ನು ಏನೂ ಹಿಡಿದಿಲ್ಲ. ತಲೆ ಮತ್ತು ಹೆಲ್ಮೆಟ್ ಸೇರಿ 6 ಕಿಲೋಗ್ರಾಂ ಎಂದುಕೊಂಡರೆ, ಅವನ್ನು ತಡೆದು ನಿಲ್ಲಿಸಲು ಕುತ್ತಿಗೆ ಸುಮಾರು 1,700 ನ್ಯೂಟನ್ ಬಲ ಕೊಡಬೇಕು. ಎರಡೂವರೆ ಮಂದಿ ದೊಡ್ಡವರು ಕುತ್ತಿಗೆಗೆ ಜೋತುಬಿದ್ದಂತೆ! ಅದೂ ಸರಾಸರಿ; ಗರಿಷ್ಠ ಬಲ ಇನ್ನೂ ಹೆಚ್ಚು.

ಇದಕ್ಕೆ ಪರಿಹಾರ ಆಗಲೇ ಇತ್ತು ಎಂಬುದೇ ಈ ಕಥೆಯ ದುಃಖದ ಭಾಗ. 1981ರಲ್ಲಿ ಗೆಳೆಯನೊಬ್ಬ ಇದೇ ಬಗೆಯ ಗಾಯದಿಂದ ಸತ್ತ ಮೇಲೆ ಓಟಗಾರ ಜಿಮ್ ಡೌನಿಂಗ್, ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಜೈವಿಕ ಯಂತ್ರವಿಜ್ಞಾನದ ಪ್ರಾಧ್ಯಾಪಕರೂ ತಮ್ಮ ಬಂಧುವೂ ಆದ ರಾಬರ್ಟ್ ಹಬ್ಬರ್ಡ್ ಅವರ ಬಳಿ ಹೋದರು. ಇಬ್ಬರೂ ಸೇರಿ 'ಹ್ಯಾನ್ಸ್' ಎಂಬ ಸಾಧನವನ್ನು ರೂಪಿಸಿದರು. ಹೆಗಲ ಮೇಲೆ ನೊಗದಂತೆ ಕೂರುವ ಗಟ್ಟಿ ಪಟ್ಟಿ ಅದು. ಆಸನದ ಬೆಲ್ಟುಗಳು ಅದನ್ನು ಅದುಮಿ ಹಿಡಿಯುತ್ತವೆ. ಅದರಿಂದ ಹೊರಟ ಚಿಕ್ಕ ಪಟ್ಟಿಗಳು ಹೆಲ್ಮೆಟ್ಟಿಗೆ ಸೇರುತ್ತವೆ. ಹೀಗೆ ತಲೆಯನ್ನು ತಡೆಯುವ ಕೆಲಸ ಕುತ್ತಿಗೆಯಿಂದ ಬೆಲ್ಟುಗಳಿಗೆ ವರ್ಗವಾಗುತ್ತದೆ. 1990ರ ದಶಕದ ಆರಂಭದಿಂದಲೇ ಇದು ಮಾರಾಟಕ್ಕಿತ್ತು. ಆದರೆ ಅಡ್ಡಿ, ಇಕ್ಕಟ್ಟು ಎಂದು ಬಹುತೇಕ ಚಾಲಕರು ಅದನ್ನು ಬದಿಗಿಟ್ಟಿದ್ದರು. ಆ ಭಾನುವಾರ ಓಟಕ್ಕೆ ನಿಂತ 43 ಮಂದಿಯಲ್ಲಿ ಅದನ್ನು ಧರಿಸಿದ್ದವರು ಬೆರಳೆಣಿಕೆಯಷ್ಟು. ಅರ್ನ್‌ಹಾರ್ಟ್ ಧರಿಸಿರಲಿಲ್ಲ. 2001ರ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ತಲೆ-ಕುತ್ತಿಗೆಯ ಆಸರೆಯನ್ನು ಕಡ್ಡಾಯ ಮಾಡಿತು.

ಇನ್ನುಳಿದದ್ದು ಗೋಡೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಮತ್ತು ಅವರ ತಂಡ ರೂಪಿಸಿದ 'ಸೇಫರ್' ತಡೆ ಮೊದಲು 2002ರ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್ ಹಾದಿಗೆ ಬಂತು. ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಚೌಕ ಕೊಳವೆಗಳ ಸಾಲು. ನಡುವೆ ಗಟ್ಟಿ ಪಾಲಿಸ್ಟೈರೀನ್ ನೊರೆಯ ದಿಂಡುಗಳು. ಕಾರು ಬಡಿದಾಗ ಕೊಳವೆಗಳು ಹಿಂದಕ್ಕೆ ಸರಿದು ನೊರೆ ಜಜ್ಜಿಹೋಗುತ್ತದೆ. ಹೊರಮೈ ನುಣುಪಾದ ಉಕ್ಕಾದ್ದರಿಂದ ಕಾರು ಅದರಲ್ಲಿ ಸಿಕ್ಕಿಕೊಳ್ಳದೆ ಜಾರುತ್ತಾ ಮುಂದೆ ಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಗೋಡೆ ಕಾಲು ಮೀಟರ್ ಸರಿದರೆ ಸಾಕು, 29 ಪಟ್ಟು 19ಕ್ಕೆ ಇಳಿಯುತ್ತದೆ. ಇಬ್ಬರು ಹಿಡಿದ ದುಪ್ಪಟಿಗೆ ಮೊಟ್ಟೆಯೊಂದನ್ನು ಎಸೆದರೆ ಅದು ಒಡೆಯದಿರುವುದೂ ಇದೇ ಕಾರಣಕ್ಕೆ. ಈ ಪ್ರಯೋಗವನ್ನು ಶಾಲೆಯ ಅಂಗಳದಲ್ಲಿ ಮಾಡಿಸಿ; ದುಪ್ಪಟಿಯ ಕೆಳ ಅಂಚನ್ನು ಮಡಿಚಿ ಹಿಡಿಯುವುದನ್ನು ಮರೆಯಬೇಡಿ.

2001ರ ಬಳಿಕ ನ್ಯಾಸ್ಕಾರ್‌ನ ಮೂರು ರಾಷ್ಟ್ರೀಯ ಸರಣಿಗಳ ಓಟಗಳಲ್ಲಿ ಯಾವ ಚಾಲಕನೂ ಅಪಘಾತದಿಂದ ಸತ್ತಿಲ್ಲ. ಅಪಘಾತಗಳೇನೂ ನಿಂತಿಲ್ಲ. 2015ರಲ್ಲಿ ಡೇಟೋನಾದಲ್ಲಿ ಕೈಲ್ ಬುಷ್ ಅವರ ಕಾರು ಒಳಬದಿಯ ಗೋಡೆಗೆ ಬಡಿಯಿತು. ಅಲ್ಲಿ ಬರಿಯ ಕಾಂಕ್ರೀಟ್ ಇತ್ತು. ಅವರ ಒಂದು ಕಾಲು, ಇನ್ನೊಂದು ಪಾದ ಮುರಿದವು. 2020ರಲ್ಲಿ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ರಯನ್ ನ್ಯೂಮನ್ ಅವರ ಕಾರು ಗೋಡೆಗೆ ಬಡಿದು ತಲೆಕೆಳಗಾದಾಗ, ಹಿಂದಿನಿಂದ ಬಂದ ಕಾರು ನೇರವಾಗಿ ಚಾಲಕನ ಬದಿಗೇ ಗುದ್ದಿತು. ಎರಡು ದಿನಗಳ ನಂತರ ಅವರು ಆಸ್ಪತ್ರೆಯಿಂದ ನಡೆದುಕೊಂಡೇ ಹೊರಬಂದರು.

2022ರಲ್ಲಿ ಹೊಸ ಮಾದರಿಯ ಕಾರು ಬಂತು. ಅದರ ಪಂಜರ ಹಿಂದಿನದಕ್ಕಿಂತ ಗಟ್ಟಿ. ಆದರೆ ಹಿಂಬದಿ ಗೋಡೆಗೆ ತಗಲಿದ ಅಪಘಾತಗಳಲ್ಲಿ ಚಾಲಕರು ಹೆಚ್ಚು ಪೆಟ್ಟಾಗುತ್ತಿದೆ ಎಂದು ದೂರತೊಡಗಿದರು. ಕರ್ಟ್ ಬುಷ್, ಅಲೆಕ್ಸ್ ಬೋಮನ್ ಇಬ್ಬರಿಗೂ ಮಿದುಳಿಗೆ ಆಘಾತವಾಗಿ ಓಟಗಳು ತಪ್ಪಿದವು. ಬುಷ್ ಮತ್ತೆ ಪೂರ್ಣಾವಧಿಗೆ ಮರಳಲೇ ಇಲ್ಲ. ಕಾರಿನ ಹಿಂಭಾಗ ನುಗ್ಗದಷ್ಟು ಗಟ್ಟಿಯಾಗಿದ್ದರಿಂದ ಹೊಡೆತ ಆಸನದವರೆಗೆ ಬರುತ್ತಿತ್ತು. 2023ರ ಓಟಗಳಿಗೆ ಮೊದಲು ಆ ಭಾಗದ ಕೆಲವು ಕಂಬಿಗಳನ್ನು ತೆಗೆದು, ಕೆಲವನ್ನು ತೆಳುವಾಗಿಸಿ, ಹಿಂಬದಿ ಬೇಗ ನುಗ್ಗುವಂತೆ ಮಾರ್ಪಡಿಸಿದರು.